ಲಿತೊಮಿಷ್ಲ್: ದಾರಿಯಿಂದ ಹುಟ್ಟಿದ ಪೇಟೆ

ಈ ದಿನ ನಾನು ಹೇಳಹೊರಟಿರುವ ಊರಿನ ಹೆಸರು ನಾಲಗೆಗೆ ತುಸು ತೊಡಕಿನದು: ಲಿತೊಮಿಷ್ಲ್. ಕೊನೆಯ ಲಕಾರವು ಅಲ್ಲಿ ಸ್ವರದಂತೆ ನಿಂತು ತಾನೇ ಒಂದು ಅಕ್ಷರವಾಗುತ್ತದೆ. ನಮ್ಮ ಮಕ್ಕಳು ವರ್ಣಮಾಲೆಯಲ್ಲಿ ಒಪ್ಪಿಸಿ ಮರೆತುಬಿಡುವ ಌಕಾರಕ್ಕೆ ಚೆಕ್ ಜನರ ಬಾಯಲ್ಲಿ ನಿತ್ಯದ ಬಳಕೆಯುಂಟು.

ಚೆಕ್ ಗಣರಾಜ್ಯದಲ್ಲಿ, ಬೊಹೀಮಿಯ ಪ್ರಾಂತವು ಮುಗಿದು ಮೊರಾವಿಯ ಮೊದಲಾಗುವ ಎಡೆಗೆ ಸಮೀಪದಲ್ಲಿ, ಲೌಚ್ನಾ ಎಂಬ ಸಣ್ಣ ಹೊಳೆಯ ದಡದಲ್ಲಿ ಈ ಊರಿದೆ. ಜನಸಂಖ್ಯೆ ಹತ್ತು ಸಾವಿರದಷ್ಟು. ಎರಡು ಪ್ರಾಂತಗಳ ನಡುವಣ ವ್ಯಾಪಾರದ ದಾರಿ ಇಲ್ಲಿಯೇ ಹಾದುಹೋಗುತ್ತಿತ್ತು. ಬಂಡಿಗಳು ತಂಗಿದೆಡೆ ಸಂತೆ, ಸಂತೆ ನೆಲೆನಿಂತೆಡೆ ಪೇಟೆ. ಆದುದರಿಂದಲೇ ಈ ಪೇಟೆಯ ಚೌಕ ಹೆಸರಿಗೆ ಮಾತ್ರ ಚೌಕ; ಹಳೆಯ ದಾರಿಯನ್ನೇ ಅಗಲಿಸಿದಂತೆ, ತುಸು ಬಾಗಿ, ಸುಮಾರು 500 ಮೀಟರ್ ಉದ್ದಕ್ಕೆ ಚಾಚಿದೆ. ಮನೆಗಳ ಮುಂದೆ ಕಮಾನಿನ ಮೊಗಸಾಲೆಗಳು. ಮಳೆ ಬಂದರೂ ಕೊಳ್ಳುವವನು ನೆನೆಯುವುದಿಲ್ಲ.

1259ರಲ್ಲಿ ಎರಡನೆಯ ಒತಕರ್ ದೊರೆಯಿಂದ ಪಟ್ಟಣದ ಹಕ್ಕು ದೊರೆಯಿತು. 1344ರಲ್ಲಿ ಊರು ಬಿಷಪ್ಪರ ಪೀಠವೂ ಆಯಿತು. ಹುಸ್ಸನ ಅನುಯಾಯಿಗಳ ಯುದ್ಧದಲ್ಲಿ ಆ ಪೀಠ ಅಳಿಯಿತು. ಮುಂದೆ ‘ಸಹೋದರ ಸಂಘ’ವೆಂಬ ಸುಧಾರಕ ಪಂಥದವರು ಇಲ್ಲಿ ನೆಲಸಿ ಅಚ್ಚುಕೂಟವನ್ನು ನಡೆಸಿದರು. 1548ರಲ್ಲಿ ಅರಸನ ಆಜ್ಞೆಯಾಯಿತು. ಅವರಲ್ಲಿ ಬಹುಮಂದಿ ಮನೆಮಠ ಬಿಟ್ಟು ಪೋಲೆಂಡಿನ ಕಡೆಗೆ ನಡೆದರು.

1568ರಲ್ಲಿ ಪೆರ್ನ್‌ಷ್ಟೆಯ್ನ್ ಮನೆತನದ ವ್ರತಿಸ್ಲಾವನು ಇಟಲಿಯ ಶಿಲ್ಪಿಗಳನ್ನು ಕರೆಸಿ ಅರಮನೆ ಕಟ್ಟಿಸತೊಡಗಿದನು. ಅದರ ಗೋಡೆಗಳನ್ನು ನೋಡಬೇಕು! ಮೊದಲು ಕಪ್ಪು ಗಾರೆ, ಅದರ ಮೇಲೆ ತೆಳುವಾಗಿ ಬಿಳಿಯ ಗಾರೆ. ಹಸಿಯಿರುವಾಗಲೇ ಮೇಲಿನದನ್ನು ಕೆರೆದರೆ ಒಳಗಿನ ಕಪ್ಪು ರೇಖೆಯಾಗಿ ಮೂಡುತ್ತದೆ. ಲಕೋಟೆಯಂಥ ಚೌಕಗಳು ಸುಮಾರು 8,000. ಒಂದರ ಚಿತ್ರ ಇನ್ನೊಂದರಲ್ಲಿಲ್ಲವೆನ್ನುತ್ತಾರೆ. 1999ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಅರಮನೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನಗೆ ಅರಮನೆಗಿಂತ ಹಿರಿದಾಗಿ ತೋರುವುದು ಈ ಊರಿನ ಭಾಷೆಯ ಕಥೆ. 1620ರ ಸೋಲಿನ ತರುವಾಯ ಕಚೇರಿಯಲ್ಲಿಯೂ ವಿದ್ಯೆಯಲ್ಲಿಯೂ ಜರ್ಮನ್ ಬಲಿಯಿತು. ಚೆಕ್ ನುಡಿ ಹಳ್ಳಿಗೂ ಅಡುಗೆಮನೆಗೂ ಸರಿಯಿತು. ಆ ಅಡುಗೆಮನೆಯಿಂದಲೇ ಅದನ್ನು ಮೇಲೆತ್ತಿದವಳೊಬ್ಬಳು ಮಗ್ದಲೇನ ರೆತ್ತಿಗೊವಾ. ತಾನೇ ಜರ್ಮನಿನಲ್ಲಿ ಬೆಳೆದವಳು. 1826ರಲ್ಲಿ ಚೆಕ್ ಭಾಷೆಯಲ್ಲಿ ಪಾಕಶಾಸ್ತ್ರದ ಪುಸ್ತಕ ಬರೆದಳು. ಕೊನೆಯ ಹತ್ತುಹನ್ನೊಂದು ವರ್ಷ ಈ ಊರಿನಲ್ಲಿದ್ದು, ಹೆಣ್ಣುಮಕ್ಕಳಿಗೆ ಅಡುಗೆಯ ಜೊತೆಗೆ ತಾಯ್ನುಡಿಯ ಓದನ್ನೂ ಕಲಿಸಿ 1845ರಲ್ಲಿ ತೀರಿಕೊಂಡಳು. ಪಂಡಿತರ ವ್ಯಾಕರಣ ಹೋಗಲಾರದ ಮನೆಗೆ ಸಾರಿನ ಪಾಠ ಹೋಯಿತು!

ನಮ್ಮ ವೃತ್ತಿಬಾಂಧವನೊಬ್ಬನನ್ನೂ ನೆನೆಯಬೇಕು. ಅಲೊಯ್ಸ್ ಯಿರಾಸೆಕ್ ಎಂಬ ಕಾದಂಬರಿಕಾರನು 1874ರಿಂದ 1888ರವರೆಗೆ ಇಲ್ಲಿಯ ಪ್ರೌಢಶಾಲೆಯಲ್ಲಿ ಇತಿಹಾಸ, ಭೂಗೋಳಗಳ ಉಪಾಧ್ಯಾಯ. 1848ರ ಕ್ರಾಂತಿಯ ಕಾಲದ ಈ ಊರಿನ ವಿದ್ಯಾರ್ಥಿಗಳನ್ನೇ ಪಾತ್ರಗಳನ್ನಾಗಿಸಿ ಅವನು ಕಥೆ ಬರೆದನು.

ರೈಲಿನ ವಿಷಯದಲ್ಲಿ ಮಾತ್ರ ಊರಿಗೆ ಅದೃಷ್ಟ ಸಾಲದಾಯಿತು. 1845ರ ಪ್ರಾಗ್ ಮಾರ್ಗವು ಇದನ್ನು ಬಿಟ್ಟು ಹೋಯಿತು. ಕವಲುದಾರಿ ಬಂದದ್ದು 1882ರಲ್ಲಿ. ಕಾರ್ಖಾನೆಗಳು ಬೇರೆಡೆ ಬೆಳೆದವು. ಹಳೆಯ ಚೌಕವು ಉಳಿದುಬಂದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಆ ಚೌಕಕ್ಕೆ ಈಗ ಸ್ಮೆತನನ ಹೆಸರು. ಅರಮನೆಯ ಎದುರಿನ ಬಿಯರು ಭಟ್ಟಿಯಲ್ಲಿ, ಅದನ್ನು ನಡೆಸುತ್ತಿದ್ದವನ ಮಗನಾಗಿ, ಸಂಗೀತಗಾರ ಬೆದ್ರಿಖ್ ಸ್ಮೆತನ 1824ರಲ್ಲಿ ಜನಿಸಿದನು. ಆರನೆಯ ವಯಸ್ಸಿನಲ್ಲಿ ಈ ಊರಿನಲ್ಲಿಯೇ ಸಭೆಯ ಮುಂದೆ ಪಿಯಾನೋ ನುಡಿಸಿದನು. ಐವತ್ತರಲ್ಲಿ ಕಿವಿ ಪೂರ್ತಿ ಕೆಟ್ಟಿತು. ತಾಯ್ನಾಡಿನ ನದಿಯನ್ನು ಕುರಿತ ಅವನ ‘ವಲ್ತವಾ’ ಕೃತಿ ಅದರ ಮುಂದಿನ ತಿಂಗಳುಗಳದು. 1949ರಲ್ಲಿ ಮೊದಲಾದ ಅವನ ಹೆಸರಿನ ಸಂಗೀತೋತ್ಸವವು ಅರಮನೆಯ ಅಂಗಳದಲ್ಲಿ, ಆ ಕೆರೆದ ಗೋಡೆಗಳ ನಡುವೆ, ಬೇಸಗೆಯಲ್ಲಿ ನಡೆಯುತ್ತದೆ.