ಲೈಟು ಹತ್ತಿದ ಮೇಲಿನ ಅರ್ಧ ಗಂಟೆ



ಮಂಡ್ಯದ ಈ ದತ್ತಿ ಉಪನ್ಯಾಸಕ್ಕೆ ಹೆಸರಾದ ತಾಯಿಯವರು ಮಳವಳ್ಳಿ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿದವರು. ಕೌಟುಂಬಿಕ ಹಿಂಸೆಯ ಸಿನಿಮಾ ಮತ್ತು ಮಹಿಳಾ ಸಂಸ್ಥೆಗಳ ಪಾಲುದಾರಿಕೆಯ ಬಗ್ಗೆ ಅವರ ಹೆಸರಿನಲ್ಲಿ ಮಾತನಾಡಲು ಕರೆದಿರುವುದು ನನ್ನ ಭಾಗ್ಯ. ಕೌಟುಂಬಿಕ ಹಿಂಸೆ ಎಂದರೇನು, 2005ರ ಕಾಯ್ದೆ ಏನು ಹೇಳುತ್ತದೆ ಎಂಬುದು ಇಲಾಖೆಯ ಕರಪತ್ರದಲ್ಲೇ ಸಿಗುತ್ತದೆ. ಅದನ್ನು ಇಲ್ಲಿ ಓದುವುದಿಲ್ಲ. ಮಹಿಳಾಪ್ರಧಾನ ಸಿನಿಮಾಗಳ ಪಟ್ಟಿಯೂ ಬೇಡ. ಮಂಡ್ಯದಲ್ಲೇ ಹುಟ್ಟಿದ ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ಮಾಡಿದ ‘ಶರಪಂಜರ’ವೊಂದನ್ನು ನೆನೆದರೆ ಸಾಕು. ಅದರ ನಾಯಕಿ ಕಾವೇರಿಯ ಪಾಡು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವರಿಗೆ ಲೆಕ್ಕವಿಲ್ಲ. ಅವರಲ್ಲಿ ಏಟು ತಿನ್ನುತ್ತಿದ್ದವರೂ ಇದ್ದಿರಬೇಕಲ್ಲ? ಆಟ ಬಿಟ್ಟ ಮೇಲೆ ಅವರು ಎಲ್ಲಿಗೆ ಹೋದರು?

ಹೆಣ್ಣಿನ ಮೇಲಿನ ದೌರ್ಜನ್ಯದ ಕಥೆ ತೆಗೆದವರು ಮಹಿಳಾ ಸಂಸ್ಥೆಯೊಂದರ ಜೊತೆ ಕೈಜೋಡಿಸುವುದು ಈಗ ರೂಢಿಗೆ ಬಂದಿದೆ. ಟ್ರೇಲರ್ ಬಿಡುಗಡೆಯ ದಿನ ವೇದಿಕೆಯ ಮೇಲೆ ದೊಡ್ಡ ಚೆಕ್ಕು, ಲಾಭದಲ್ಲಿ ಇಷ್ಟು ಪಾಲು ಎಂಬ ಘೋಷಣೆ. ದುಡ್ಡು ಬೇಡವೆನ್ನಲು ನಾನು ಯಾರು? ಆಸರೆ ಮನೆಗಳು ದುಡ್ಡಿಲ್ಲದೆ ನಡೆಯುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಲಾಭ ತೋರಿಸಿದ ಸಿನಿಮಾವನ್ನು ನಾವು ಎಷ್ಟು ಕಂಡಿದ್ದೇವೆ? ಬಾರದ ಲಾಭದಲ್ಲಿ ಪಾಲು ಕೊಡುವುದು ಬಲು ಸುಲಭದ ದಾನ.

ಇದಕ್ಕೆ ಎದುರು ಪಕ್ಷದವರು ನನ್ನ ವಿಮರ್ಶಕ ಮಿತ್ರರು. ಸಂಘಟನೆಯವರು ಕೈಹಾಕಿದರೆ ಕಲೆ ಕೆಟ್ಟು ಕರಪತ್ರವಾಗುತ್ತದೆ ಎಂಬುದು ಅವರ ವಾದ. ಅವರಿಗೆ ‘ಯುಗಾಂತರ್’ ಚಿತ್ರಗಳನ್ನು ನೋಡಿ ಎನ್ನುತ್ತೇನೆ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವ್ರೋಜ್ ಕಾಂಟ್ರಾಕ್ಟರ್ ಸೇರಿ ಕಟ್ಟಿದ ಬಳಗ ಅದು. ನಮ್ಮದೇ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರೊಂದಿಗೆ ಕೂತು, ಅವರ ಬಾಯಿಂದಲೇ ಅವರ ಹೋರಾಟ ಕೇಳಿ 1982ರಲ್ಲಿ ಒಂದು ಚಿತ್ರ ಮಾಡಿತು. ಮರುವರ್ಷ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆ ತೆಲುಗಿನಲ್ಲಿ ‘ಇದಿ ಕಥಾ ಮಾತ್ರಮೇನಾ’ ತೆಗೆಯಿತು. ಅತ್ತೆಮನೆಯಲ್ಲಿ ಉಸಿರುಕಟ್ಟಿದ ಒಬ್ಬ ಸೊಸೆಯ ಕಥೆ, ಅರ್ಧ ಗಂಟೆಯೂ ಇಲ್ಲ. ಕಥೆ ಹೆಣೆದದ್ದರಲ್ಲಿ ಸಂಘಟನೆಯವರ ಪಾಲಿತ್ತು, ಪಾತ್ರ ಮಾಡಿದವರಲ್ಲೂ ಅವರಿದ್ದರು. ಗಂಡ ರಾಕ್ಷಸನಲ್ಲ, ನೆರೆಮನೆಯವನ ಹಾಗಿದ್ದಾನೆ. ನೋಡುವವರಿಗೆ ಮೈ ಜುಮ್ಮೆನ್ನುವುದು ಅದಕ್ಕೇ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಮು ದಂಡಸಂಹಿತೆಗೆ ಸೇರಿದ್ದೂ ಅದೇ 1983ರಲ್ಲಿ. ಕಲೆ ಕೆಟ್ಟಿದ್ದರೆ, ಇಷ್ಟು ವರ್ಷಗಳಾದ ಮೇಲೆ ಬರ್ಲಿನ್ನಿನ ಸಂಸ್ಥೆಯೊಂದು ಈ ರೀಲುಗಳನ್ನು ಜತನದಿಂದ ದುರಸ್ತಿ ಮಾಡಿಸುತ್ತಿತ್ತೆ?

ದೊಡ್ಡ ತಾರೆಯರ ಸಿನಿಮಾ ಬೇಕೆನ್ನುವವರಿಗೆ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ನಟಿಸಿದ 2006ರ ‘ಪ್ರೊವೋಕ್ಡ್’ ಇದೆ. ವರ್ಷಗಟ್ಟಲೆ ಹಿಂಸೆ ತಡೆದು, 1989ರಲ್ಲಿ ಗಂಡನಿಗೆ ಬೆಂಕಿಯಿಟ್ಟು ಇಂಗ್ಲೆಂಡಿನಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಕಿರಣ್‌ಜಿತ್ ಅಹ್ಲುವಾಲಿಯಾ ಅವರ ಕಥೆ ಅದು. ಅವರ ಪರವಾಗಿ ಬೀದಿಗಿಳಿದದ್ದು ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’. ಅವರು ಬಿಡುಗಡೆಯಾದದ್ದು 1992ರಲ್ಲಿ. ಸಿನಿಮಾ ಬಂದದ್ದು ಹದಿನಾಲ್ಕು ವರ್ಷದ ಮೇಲೆ. ಸಂಘಟನೆ ಮೊದಲು, ಕ್ಯಾಮೆರಾ ಆಮೇಲೆ. ನಮ್ಮವರು ಇದನ್ನು ತಲೆಕೆಳಗು ಮಾಡಿ, ಪೋಸ್ಟರ್ ಅಚ್ಚಾದ ಮೇಲೆ ಸಂಸ್ಥೆ ಹುಡುಕಲು ಹೊರಡುತ್ತಾರೆ.

ಇನ್ನು ನಾನು ಕಂಡದ್ದು. ಮದ್ದೂರು ತಾಲ್ಲೂಕಿನ ಒಂದು ಊರಿನ ಸಮುದಾಯ ಭವನದಲ್ಲಿ ಇಂಥದೊಂದು ಚಿತ್ರ ತೋರಿಸಿದೆವು. ಸಂಜೆ ಡೈರಿಗೆ ಹಾಲು ಹಾಕಿ, ಕ್ಯಾನು ಹಿಡಿದುಕೊಂಡೇ ಬಂದ ಹೆಂಗಸರು. ಲೈಟು ಹತ್ತಿತು. ಹಿಂದೆ ಗಂಡಸರು ಕೈಕಟ್ಟಿ ನಿಂತಿರುವವರೆಗೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರು ಟೀ ಕುಡಿಯಲು ಹೋದದ್ದೇ ತಡ, ಮೂಲೆಯಿಂದ ಒಬ್ಬಾಕೆ ಕೇಳಿದಳು: “ಕುಡ್ಕಂಡ್ ಬಂದು ದಿನಾ ಕ್ವಾಟ್ಲೆ ಕೊಡ್ತಾನೆ ಕಣವ್ವ. ಕೇಸಾಕುದ್ರೆ ನನ್ನೇ ಮನೆಯಿಂದ ಆಚಿಗಾಕ್ತಾರ?”

ಸಿನಿಮಾದ ನಾಯಕಿಯ ಬಗ್ಗೆ ಅವಳಿಗೆ ಒಂದು ಮಾತೂ ಬೇಕಿರಲಿಲ್ಲ. ಅವಳ ಪ್ರಶ್ನೆಗೆ 2005ರ ಕಾಯ್ದೆಯ 17ನೇ ಕಲಮಿನಲ್ಲಿ ಉತ್ತರವಿದೆ: ಮನೆ ಯಾರ ಹೆಸರಿಗಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗುಂಟು, ಕಾನೂನಿನ ದಾರಿಯಲ್ಲದೆ ಯಾರೂ ಹೊರದಬ್ಬುವಂತಿಲ್ಲ. ಸಂರಕ್ಷಣಾಧಿಕಾರಿಯ ಬಳಿ ಹೋದರೆ ಅವರು ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಎಷ್ಟು ಕಡೆ ಹಾಗೆ ನಡೆಯುತ್ತದೆ ಎಂಬುದು ಕೋರ್ಟು ಅಲೆದವರಿಗೆ ಗೊತ್ತು. ಆದರೂ ಈ ಉತ್ತರ ಹೇಳಬಲ್ಲ ಒಬ್ಬರು ಲೈಟು ಹತ್ತಿದ ಮೇಲಿನ ಆ ಅರ್ಧ ಗಂಟೆ ಭವನದಲ್ಲಿ ಇರಲೇಬೇಕು. ಸಿನಿಮಾ ಮತ್ತು ಸಂಸ್ಥೆಯ ಪಾಲುದಾರಿಕೆಯ ಹುರುಳು ಇಷ್ಟೇ ಎಂಬುದು ನನ್ನ ವಾದ. ಅವರಿಲ್ಲದ ಪ್ರದರ್ಶನ, ಗಾಯ ಕೆದಕಿ ಮನೆಗೆ ಕಳಿಸಿದ ಹಾಗೆ.

ಒಂದು ನಿಷ್ಠುರದ ಮಾತು. ಸತ್ಯ ಹೇಳಲು ಹಿಂಜರಿಯದ ಆ ಮೇಷ್ಟ್ರಮ್ಮನವರ ಹೆಸರಿನ ವೇದಿಕೆಯಲ್ಲಿ ಹೇಳಬಹುದು ಎಂದುಕೊಂಡಿದ್ದೇನೆ. 2011ರಲ್ಲಿ ನಾಯಕನಟರೊಬ್ಬರು ಹೆಂಡತಿಯ ಮೇಲಿನ ಹಲ್ಲೆಯ ಆರೋಪದಲ್ಲಿ ಜೈಲಿಗೆ ಹೋದಾಗ, ಕನ್ನಡ ನಿರ್ಮಾಪಕರ ಸಂಘ ನಿಷೇಧ ಹೇರಿದ್ದು ಒಬ್ಬ ನಟಿಯ ಮೇಲೆ! ಜನ ಛೀಮಾರಿ ಹಾಕಿದ ಮೇಲೆ ಹಿಂತೆಗೆದುಕೊಂಡರು. 2017ರಲ್ಲಿ ‘ಫೈರ್’ ಸಂಸ್ಥೆ ಹುಟ್ಟಿದ್ದರಿಂದ ಚಿತ್ರರಂಗದ ಹೆಣ್ಣುಮಕ್ಕಳ ದೂರಿಗೆ ಒಂದು ಬಾಗಿಲಾದರೂ ತೆರೆಯಿತು. ಸೆಟ್ಟಿನಲ್ಲಿ ದೂರು ಸಮಿತಿ ಇಲ್ಲದ ನಿರ್ಮಾಪಕರು ವೇದಿಕೆಯಲ್ಲಿ ಚೆಕ್ಕು ಹಿಡಿದರೆ ನಾನು ಚಪ್ಪಾಳೆ ತಟ್ಟುವುದಿಲ್ಲ.

ನಮ್ಮ ಸೀಮೆಯ ಆಲೆಮನೆ, ಕಬ್ಬಿನ ಗದ್ದೆ ಹಾಡಿನ ಚಿತ್ರೀಕರಣಕ್ಕೆ ಬಲು ಪ್ರಿಯ. 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲೇ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಆ ಕಥೆಗೆ ಕ್ಯಾಮೆರಾ ಇಡುವವರು ಬರಲಿ. ಬರುವ ಮೊದಲು ತಾಲ್ಲೂಕಿನ ಆಶಾ ಕಾರ್ಯಕರ್ತೆಯರ ಜೊತೆ ಕೂತು ಮಾತನಾಡಲಿ. ತೆಗೆದ ಸಿನಿಮಾವನ್ನು ಗೆಜ್ಜಲಗೆರೆಯ ಸುತ್ತಿನ ಹಾಲಿನ ಡೈರಿಗಳ ಮುಂದೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಟೆಂಪೊ ಇಳಿಯುವ ಸ್ಟಾಪುಗಳಲ್ಲಿ ತೋರಿಸಲಿ. ಮದ್ದೂರು, ಮಳವಳ್ಳಿ ಕಡೆಯಿಂದ ಬಂದಿರುವ ಸ್ತ್ರೀಶಕ್ತಿ ಸಂಘಗಳ ಅಕ್ಕತಂಗಿಯರಲ್ಲಿ ನನ್ನ ಕೋರಿಕೆ ಒಂದೇ: ಯಾರೇ ಸಿನಿಮಾದವರು ಸಹಾಯ ಕೇಳಿಕೊಂಡು ಬಂದರೂ, ಆಟ ಮುಗಿದ ಮೇಲೆ ಯಾರು ಉಳಿದುಕೊಳ್ಳುತ್ತೀರಿ ಎಂದು ಮೊದಲು ಕೇಳಿ. ಮಹಿಳಾ ಸಹಾಯವಾಣಿ 181ಕ್ಕೆ ಹಗಲೂ ರಾತ್ರಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಈ ಉಪನ್ಯಾಸದ ಪುಸ್ತಿಕೆಯ ರಕ್ಷಾಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು ಪ್ರಕಾಶಕರನ್ನು ಕೇಳಿಕೊಂಡಿದ್ದೇನೆ.