ಹಿತ್ತಲ ಹಣ್ಣು, ಸಸಿಯ ಸಾಲ
(ಕಡೂರು ಸೀಮೆಯ ರೈತ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ, ಜಪ್ತಿ ಅಂತ ಮಾತಾಡುವ ಸಭೆಯಲ್ಲಿ ಹಣ್ಣಿನ ಗಿಡದ ಮಾತು ಯಾಕೆ ಅಂತ ನೀವು ಕೇಳಬಹುದು. ಸಾಲಕ್ಕೂ ಇದಕ್ಕೂ ನಂಟಿದೆ, ಅದಕ್ಕೇ ಎತ್ತಿದ್ದೇನೆ. ಸಸಿ ಮಾರುವವರು ಈಗ ಊರೂರಿಗೆ ಬರುತ್ತಿದ್ದಾರೆ. ರಾಂಬುಟಾನ್, ಮ್ಯಾಂಗೊಸ್ಟೀನ್, ಡ್ಯೂರಿಯನ್, ಬೆಣ್ಣೆಹಣ್ಣು. ಒಂದೊಂದು ಗಿಡಕ್ಕೆ ನೂರಾರು ರೂಪಾಯಿ. "ಪೇಟೇಲಿ ಕೇಜಿ ಏನು ರೇಟಿದೆ ಗೊತ್ತಾ ಯಜಮಾನ್ರೇ?" ಅನ್ನುತ್ತಾರೆ. ಕೊಬ್ಬರಿಯಲ್ಲಿ ಕೈ ಸುಟ್ಟುಕೊಂಡವನಿಗೆ ಈ ಮಾತು ಅಮೃತದ ಹಾಗೆ ಕೇಳಿಸುತ್ತೆ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಿ ಬಂದವರು ಇಲ್ಲೇ ಕೂತಿದ್ದೀರಿ.

ಗಿಡ ಬೇಡ ಅಂತ ನಾನು ಹೇಳುವುದಿಲ್ಲ. ಹಿತ್ತಲಲ್ಲಿ ನಾಲ್ಕು ಹೊಸ ಹಣ್ಣಿನ ಮರ ಇರಲಿ, ಮಕ್ಕಳು ತಿನ್ನಲಿ. ಆದರೆ ಯಾವ ಮರ, ಯಾವ ಮಣ್ಣಿಗೆ, ಯಾರ ದುಡ್ಡಲ್ಲಿ ಅನ್ನುವುದನ್ನು ನೋಡಿ.

ರಾಂಬುಟಾನ್ ತಗೊಳ್ಳಿ. ಬೀಜದಿಂದ ಎದ್ದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಗಂಡು. ಐದಾರು ವರ್ಷ ನೀರು ಹೊಯ್ದ ಮೇಲೆ ಹೂ ಬರುತ್ತೆ, ಕಾಯಿ ಬರಲ್ಲ. ಜಾಯಿಕಾಯಿಯದೂ ಇದೇ ಹಣೆಬರಹ. ಹಾಗಾಗಿ ಕಣ್ಣು ಕಸಿಯ ಗಿಡವೇ ಬೇಕು; ಕಸಿಯ ಗಂಟನ್ನು ಕಣ್ಣಾರೆ ನೋಡಿ ತನ್ನಿ. ಕೊಡಗಿನ ಚೆಟ್ಟಳ್ಳಿಯ ಸರ್ಕಾರಿ ತೋಟಗಾರಿಕೆ ಕೇಂದ್ರದವರು ರಾಂಬುಟಾನ್‌ನಲ್ಲೂ ಬೆಣ್ಣೆಹಣ್ಣಿನಲ್ಲೂ ತಳಿ ಆರಿಸಿ ಬಿಟ್ಟಿದ್ದಾರೆ. ಗೊತ್ತಿಲ್ಲದ ಗಾಡಿಯವನಿಗಿಂತ ಅಲ್ಲಿಗೆ ಹೋಗಿಬರುವ ಬಸ್ ಚಾರ್ಜೇ ಅಗ್ಗ. ಮ್ಯಾಂಗೊಸ್ಟೀನ್ ಬೀಜದ ಸಸಿಯಾದರೂ ತಾಯಿಯ ಗುಣವನ್ನೇ ಹಿಡಿಯುತ್ತೆ, ಅಲ್ಲಿ ಮೋಸವಿಲ್ಲ. ಆದರೆ ಫಲಕ್ಕೆ ಎಂಟು-ಹತ್ತು ವರ್ಷ. ಬ್ಯಾಂಕಿನವರು ಹತ್ತು ವರ್ಷ ಕಾಯ್ತಾರೇನಪ್ಪ?

ಇನ್ನು ಮಣ್ಣು, ಗಾಳಿ. ನಮ್ಮ ಮೂರು ತಾಲ್ಲೂಕೂ ಒಂದೇ ಅಲ್ಲ. ತರೀಕೆರೆಯ ಪಶ್ಚಿಮಕ್ಕೆ, ಲಕ್ಕವಳ್ಳಿಯ ಕಡೆ, ಅಡಿಕೆ ತೋಟದ ನೆರಳು, ತೇವ ಇರುವ ಕಡೆ ರಾಂಬುಟಾನ್ ಹಾಕಿ ನೋಡಬಹುದು. ಕಡೂರಿನ ಬಯಲಲ್ಲಿ ಒಣಗಾಳಿ; ಮಡಗದ ಕೆರೆಯ ಮುಖ ನೋಡಿ ಮಳೆ ಲೆಕ್ಕ ಹಾಕುವ ಸೀಮೆ ಇದು. ಇಲ್ಲಿ ಡ್ಯೂರಿಯನ್ ಹಾಕುವುದು ಅಂದರೆ ಕೊಳವೆಬಾವಿಯ ನೀರನ್ನು ಹೊಳೆಗೆ ಹೊಯ್ದ ಹಾಗೆ. ಅಜ್ಜಂಪುರದ ಕಡೆ ಎರೆ ಭೂಮಿ. ಬೆಣ್ಣೆಹಣ್ಣಿನ ಬೇರು ನೀರು ನಿಂತರೆ ಕೊಳೆತು ಹೋಗುತ್ತೆ. ಅಲ್ಲಿ ಹಾಕಲೇಬೇಕು ಅಂದರೆ ಮಣ್ಣು ಏರಿಸಿ ದಿಬ್ಬ ಮಾಡಿ, ನೀರು ಬಸಿದು ಹೋಗುವ ಹಾಗೆ ಕಾಲುವೆ ತೆಗೆದು ಹಾಕಿ.

ಬೆಲೆಯ ಮಾತಿಗೆ ಬರೋಣ. ವೆನಿಲ್ಲಾ ನೆನಪಿದೆಯಾ? 2000ದಲ್ಲಿ ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಿತ್ತು, ಮಲೆನಾಡಿನ ರೈತನಿಗೆ ಹುಚ್ಚು ಹಿಡಿಯಿತು. 2003ರ ಹೊತ್ತಿಗೆ ಹಸಿ ಕೋಡು ಕೇಜಿಗೆ ಸಾವಿರಗಟ್ಟಲೆಗೆ ಹೋಯಿತು. ತೋಟಕ್ಕೆ ರಾತ್ರಿ ಕಾವಲು ಹಾಕಿದರು, ಬಳ್ಳಿಯ ತುಂಡಿಗೂ ಕಿತ್ತಾಟ. ಎಲ್ಲರೂ ಬೆಳೆದ ಮೇಲೆ, ಎರಡೇ ವರ್ಷದಲ್ಲಿ, ಕೇಳುವವರೇ ಇಲ್ಲ. ಆಗ ಲಾಭ ಮಾಡಿದವರು ಮೊದಲು ಬೆಳೆದ ಕೆಲವರು, ಮತ್ತೆ ಬಳ್ಳಿ ಮಾರಿದವರು. ಅಪರೂಪದ ಹಣ್ಣಿಗೆ ಬೆಲೆ ಇರುವುದು ಅದು ಅಪರೂಪ ಆಗಿರುವ ತನಕ. ಇದಕ್ಕೆ ಬೆಂಬಲ ಬೆಲೆ ಇಲ್ಲ, ಖರೀದಿ ಕೇಂದ್ರ ಇಲ್ಲ. ವೈಜ್ಞಾನಿಕ ಬೆಲೆ ಕೊಡಿ ಅಂತ ಯಾವ ಕಚೇರಿ ಮುಂದೆ ಕೂರುತ್ತೀರಿ? ಆದ್ದರಿಂದ ಎಕರೆಗಟ್ಟಲೆ ತೆಂಗು ಕಡಿದು ಇದನ್ನು ಹಾಕಬೇಡಿ, ಒಡವೆ ಅಡವಿಟ್ಟು ಸಸಿ ತರಬೇಡಿ. ಬಚ್ಚಲ ನೀರು, ಗೊಬ್ಬರದ ಗುಂಡಿ ಎರಡೂ ಹತ್ತಿರ ಇರುವ ಜಾಗದಲ್ಲಿ ಎರಡು ಗಿಡ ಸಾಕು.

ಇಷ್ಟಕ್ಕೂ ಅಪರೂಪ ಅಂದರೆ ಸಮುದ್ರದಾಚೆಯಿಂದಲೇ ಬರಬೇಕೇ? ಗುಬ್ಬಿ ತಾಲ್ಲೂಕಿನ ಚೇಳೂರು ನಮ್ಮ ಹಾಗೇ ಬಯಲುಸೀಮೆ. ಅಲ್ಲಿನ ಪರಮೇಶ್ ಅವರ ಜಮೀನಿನಲ್ಲಿ ತಂದೆ ಸಿದ್ದಪ್ಪನವರ ಕಾಲದ ಒಂದು ಹಲಸಿನ ಮರ. ಸಣ್ಣ ಹಣ್ಣು, ಎರಡೂವರೆ ಕೇಜಿ ಆಸುಪಾಸು, ತೊಳೆ ತಾಮ್ರಗೆಂಪು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ, ತಂದೆಯ ಹೆಸರಲ್ಲೇ "ಸಿದ್ದು" ಅಂತ ಕರೆದು, 2017ರಲ್ಲಿ ಒಪ್ಪಂದ ಮಾಡಿಕೊಂಡರು. ಕಸಿ ಗಿಡ ಮಾರಿ ಬಂದ ಹಣದಲ್ಲಿ ಮುಕ್ಕಾಲು ಪಾಲು ಮರದ ಯಜಮಾನನಿಗೆ. ಹಣ್ಣಲ್ಲ ಸ್ವಾಮಿ, ತಾಯಿಮರವೇ ಅಲ್ಲಿ ಆಸ್ತಿಯಾಯಿತು.

ನಿಮ್ಮ ಹಿತ್ತಲಲ್ಲಿ, ಬದುವಿನಲ್ಲಿ ಏನಿದೆ ಅಂತ ಒಮ್ಮೆ ಎಣಿಸಿದ್ದೀರಾ? ಅಜ್ಜಿ ಹಾಕಿದ ಚಂದ್ರ ಹಲಸು, ನಾರಿಲ್ಲದ ಮಾವು, ದಪ್ಪ ನೇರಳೆ, ಬೇಲ, ವಾಟೆಹುಳಿ. ಇವನ್ನು ಸೌದೆ ರೇಟಿಗೆ ಮಿಲ್ಲಿಗೆ ಹಾಕಿ, ಅದೇ ದುಡ್ಡಲ್ಲಿ ಹೊರದೇಶದ ಸಸಿ ತರುತ್ತಿದ್ದೇವೆ. ರೈತರ ತಳಿಯನ್ನು ರೈತರ ಹೆಸರಲ್ಲೇ ನೋಂದಾಯಿಸಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶ ಇದೆ, ರೈತನಿಗೆ ಶುಲ್ಕವೂ ಇಲ್ಲ.

ಕಡೆಯದಾಗಿ ಒಂದು ಕೆಲಸ ಹೇಳುತ್ತೇನೆ. ಈ ಸಲ ಹಣ್ಣಿನ ಕಾಲದಲ್ಲಿ ಪ್ರತಿ ಊರಿನವರೂ ಒಳ್ಳೆ ಮರಗಳ ಪಟ್ಟಿ ಮಾಡಿ. ಯಾರ ಜಮೀನು, ಎಷ್ಟು ವರ್ಷದ ಮರ, ಎಷ್ಟು ಕಾಯಿ, ಬರಗಾಲದ ವರ್ಷ ಹೇಗೆ ಬಿಟ್ಟಿತ್ತು, ಎಲ್ಲ ಬರೆಯಿರಿ. ನರ್ಸರಿಯವನು ಬಂದು "ಎರಡು ಕಸಿಕಡ್ಡಿ ಕೊಡಿ ಅಣ್ಣ" ಅಂದರೆ, ಕಾಫಿ ಕೊಡಿ, ಕೂರಿಸಿ, ಎಷ್ಟು ಗಿಡ ಮಾಡ್ತಾನೆ, ಗಿಡಕ್ಕೆ ನಿಮಗೆಷ್ಟು ಅನ್ನುವುದನ್ನು ಕಾಗದದಲ್ಲಿ ಬರೆಸಿ, ರುಜು ಹಾಕಿಸಿಕೊಂಡು ಆಮೇಲೆ ಕುಡುಗೋಲು ಕೊಡಿ.