ತಾಯಿ ಮನೆಯಲ್ಲಿಲ್ಲದ ಹೊತ್ತಿನ ಹಾಲು



ಹಾಲು ಮನೆಗೆ ಬಂದೊಡನೆ ಕಾಯಿಸಿಡಬೇಕೆಂಬುದು ನಮ್ಮ ಅಡುಗೆಮನೆಗಳ ಹಳೆಯ ಶಿಸ್ತು. ಹಸುವಿನ ಹಾಲಿಗೆ ಅದು ಸರಿ. ಆದರೆ ತಾಯಿ ಹಿಂಡಿಟ್ಟು ಹೋದ ಎದೆಹಾಲಿಗೆ ಅದು ಸಲ್ಲದು. ಈ ಭೇದವನ್ನು ತಾಯಿಯೊಬ್ಬಳು ಅರಿತರೆ ಸಾಲದು. ಆಕೆ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವ ಅಜ್ಜಿ, ಅಜ್ಜ, ತಂದೆ ಎಲ್ಲರೂ ಅರಿಯಬೇಕು.

ಹೆರಿಗೆ ಸೌಲಭ್ಯದ ಕಾಯಿದೆ 2017ರಲ್ಲಿ ತಿದ್ದುಪಡಿಯಾಗಿ, ಅದರ ವ್ಯಾಪ್ತಿಯಲ್ಲಿ ದುಡಿಯುವ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ದೊರೆಯಿತು. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ಕಳೆದರೆ, ಆಕೆ ಕೆಲಸಕ್ಕೆ ಮರಳುವಾಗ ಕೂಸಿಗೆ ಐದು ತಿಂಗಳೂ ತುಂಬಿರುವುದಿಲ್ಲ. ಬರಿಯ ಎದೆಹಾಲನ್ನೇ ಕೊಡಬೇಕಾದದ್ದೋ ಆರು ತಿಂಗಳು. ನಡುವಣ ಈ ಕೊರತೆಯನ್ನು ತುಂಬುವುದು ಹಿಂಡಿಟ್ಟ ಹಾಲು.

“ತಂಗಳು ಹಾಲನ್ನು ಮಗುವಿಗೆ ಕುಡಿಸುವುದೆ?” ಎಂದು ಹಿರಿಯರು ಶಂಕಿಸುವುದುಂಟು. ಶಂಕೆ ಪ್ರೀತಿಯಿಂದ ಹುಟ್ಟಿದ್ದು. ಅದಕ್ಕೆ ಉತ್ತರವೂ ಉಂಟು. ತೊಳೆದ ಕೈ, ಶುದ್ಧವಾದ ಮುಚ್ಚಳದ ಪಾತ್ರೆ, ಇವು ಮೊದಲು. ಆಗತಾನೆ ಹಿಂಡಿದ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ 4 ಗಂಟೆ ಇರಬಲ್ಲದು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಆ ಲೆಕ್ಕವನ್ನು ನಂಬದೆ ಕೂಡಲೆ ಫ್ರಿಜ್ಜಿನಲ್ಲಿಡಬೇಕು. ಅಲ್ಲಿ 4 ದಿನ ಇರುತ್ತದೆ. ಬೇರೆ ಬಾಗಿಲಿನ ಫ್ರೀಜರಿನಲ್ಲಿ ಸುಮಾರು 6 ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆಯನ್ನು ಅಷ್ಟು ಕಾಲ ನಂಬಲಾಗದು. ಒಂದು ಪಾತ್ರೆಗೆ 60ರಿಂದ 120 ಮಿಲಿಲೀಟರ್ ಸಾಕು. ಗಡ್ಡೆಕಟ್ಟುವಾಗ ಹಾಲು ಹಿಗ್ಗುವುದರಿಂದ ಮೇಲೆ ಸ್ವಲ್ಪ ಜಾಗ ಬಿಟ್ಟು, ತಾರೀಖು ಬರೆದು, ಬಾಗಿಲಿನಿಂದ ದೂರ ಹಿಂದಕ್ಕಿಡಿ.

ಇನ್ನು ಕರಗಿಸುವ ಬಗೆ. ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿದರೆ ಬೆಳಗಿನ ಹೊತ್ತಿಗೆ ಕರಗುತ್ತದೆ. ಅವಸರವಿದ್ದರೆ ಉಗುರುಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಪಾತ್ರೆಯನ್ನು ನಿಲ್ಲಿಸಿ. ಒಲೆಯ ಮೇಲಿಡಬೇಡಿ, ಕುದಿಸಿದರೆ ರೋಗವನ್ನು ತಡೆಯುವ ಅಂಶಗಳು ನಾಶವಾಗುತ್ತವೆ. ಮೈಕ್ರೋವೇವ್ ಒಲೆಯೂ ಬೇಡ. ಅದರಲ್ಲಿ ಹಾಲು ಒಂದೆಡೆ ತಣ್ಣಗಿದ್ದು ಇನ್ನೊಂದೆಡೆ ಕಾದು, ಕೂಸಿನ ಬಾಯಿ ಸುಟ್ಟೀತು.

ಕರಗಿದ ಹಾಲಿನಲ್ಲಿ ಕೆನೆ ಮೇಲೆ ಬೇರೆಯಾಗಿ, ಕೆಳಗೆ ನೀರುನೀರಾಗಿ ಕಾಣುವುದು ಸಹಜ. “ಒಡೆದುಹೋಗಿದೆ” ಎಂದು ಬಚ್ಚಲಿಗೆ ಸುರಿಯಬೇಡಿ. ಪಾತ್ರೆಯನ್ನು ಮೆಲ್ಲನೆ ತಿರುಗಿಸಿದರೆ ಬೆರೆಯುತ್ತದೆ. ಪೂರ್ತಿ ಕರಗಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು. ಬೆಚ್ಚಗೆ ಮಾಡಿದ ಮೇಲೆ, ಕೂಸು ಕುಡಿದು ಬಿಟ್ಟ ಮೇಲೆ, 2 ಗಂಟೆಯೊಳಗೆ. ಮತ್ತೆ ಫ್ರೀಜರಿಗೆ ಹಾಕಬಾರದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ, ಕಾಯಿಲೆಯ ಕೂಸಿಗೆ, ವೈದ್ಯರ ಮಾತೇ ಪ್ರಮಾಣ.

ಕೆಲಸದ ನಡುವೆ ಬಿಡುವು ಮಾಡಿಕೊಂಡು, ಬಾಗಿಲು ಮುಚ್ಚುವ ಒಂದು ಮೂಲೆಯನ್ನು ಹುಡುಕಿಕೊಂಡು, ತಾಯಿ ಹಿಂಡಿ ತಂದ ಹಾಲು ಅದು. ಕೆಲವು ಒಳಲೆಯಷ್ಟೇ ಇರಬಹುದು. ಆದರೆ ಅದರ ಹಿಂದಿನ ಶ್ರಮ ಸಣ್ಣದಲ್ಲ. ತಾರೀಖು ನೋಡಿ ಹಳೆಯದನ್ನು ಮೊದಲು ತೆಗೆದು, ಬೆಚ್ಚನೆಯ ನೀರಿನಲ್ಲಿಟ್ಟು ತಾಳ್ಮೆಯಿಂದ ಕಾಯುವುದು ಮನೆಯಲ್ಲಿರುವವರ ಪಾಲಿನ ಕೆಲಸ. ಅಷ್ಟನ್ನು ನಾವು ಮಾಡೋಣ.